ಹಳೆಯ ಲಾರಿಗೆ ಗಟ್ಟಿ ಹಿಂದಿನ ಆಕ್ಸಲ್: ಬಳ್ಳಾರಿಯಲ್ಲಿ ಆಯ್ದು, ಕೂಡಿಸಿ, ಓಡಿಸಿದ ಮೇಲೆ ಬರೆದ ವಿಮರ್ಶೆ

ಹಳೆಯ ಟಾಟಾ ಆರು ಚಕ್ರದ ಲಾರಿಯೊಂದಕ್ಕೆ, 25 ಟನ್ ವರ್ಗದ ಹತ್ತು ಚಕ್ರದ ಲಾರಿಯಿಂದ ಇಳಿಸಿದ ಹಿಂದಿನ ಆಕ್ಸಲನ್ನು (ಎರಡು ಬದಿಯ ಚಕ್ರಗಳನ್ನು ಹೊರುವ ಅಚ್ಚನ್ನು) ಪೂರ್ಣ ಅಸೆಂಬ್ಲಿಯಾಗಿ ಕೂಡಿಸಿ, ಒಂದು ಭತ್ತದ ಸುಗ್ಗಿಯನ್ನೂ ಒಂದು ಬೇಸಿಗೆಯನ್ನೂ ಓಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಲಾರಿ ನಮ್ಮ ಮನೆಯದು. ಸುಗ್ಗಿಯಲ್ಲಿ ಸಿರುಗುಪ್ಪ, ಕಂಪ್ಲಿ ಭಾಗದ ಗದ್ದೆಗಳಿಂದ ಮಿಲ್ಲುಗಳಿಗೆ ಭತ್ತ ಹೊರುತ್ತದೆ. ಉಳಿದ ದಿನಗಳಲ್ಲಿ ಸಂಡೂರಿನ ಕಡೆಯಿಂದ ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಅದಿರು ಹೊರುತ್ತದೆ. ಇದೇ ಕೆಲಸದಲ್ಲಿರುವ ಹಲವರು ಇಂಥದ್ದೇ ಬದಲಾವಣೆ ಮಾಡಿಸಬೇಕೆಂದು ವಿಚಾರಿಸುತ್ತಿರುವುದರಿಂದ, ಯಾವುದನ್ನು ಏಕೆ ಆಯ್ದೆವು, ಅದು ಹೇಗೆ ನಡೆಯುತ್ತಿದೆ ಎಂಬುದನ್ನು ವಿವರವಾಗಿ ಹೇಳುವುದು ಉಪಯುಕ್ತವೆಂದು ತೋರಿತು.

"ಗಟ್ಟಿ ಆಕ್ಸಲ್" ಎಂಬ ಮಾತನ್ನೇ ಮೊದಲು ಬಿಡಿಸಿ ನೋಡಬೇಕು. ಭಾರಿ ಲಾರಿಯ ಹಿಂದಿನ ಆಕ್ಸಲ್ ಸಾಮಾನ್ಯವಾಗಿ ಪೂರ್ಣ ಫ್ಲೋಟಿಂಗ್ ಬಗೆಯದು. ಅಂದರೆ ಸರಕಿನ ತೂಕ ಕಮಾನು ಪಟ್ಟಿಗಳ ಮೂಲಕ ಹೌಸಿಂಗಿನ (ಆಕ್ಸಲಿನ ಹೊರಕವಚದ) ಮೇಲೆ ಬಿದ್ದು, ಅಲ್ಲಿಂದ ಚಕ್ರದ ನಡುಭಾಗವಾದ ಹಬ್ಬಿನ ಬೇರಿಂಗುಗಳ ಮೂಲಕ ಚಕ್ರಕ್ಕೆ ಇಳಿಯುತ್ತದೆ. ಒಳಗಿನ ಶಾಫ್ಟಿಗೆ ತೂಕ ಹೊರುವ ಕೆಲಸವಿಲ್ಲ, ತಿರುಗಿಸುವ ಕೆಲಸ ಮಾತ್ರ ಇದೆ. ಆದ್ದರಿಂದಲೇ ಶಾಫ್ಟ್ ಮುರಿದರೂ ಚಕ್ರ ಕಳಚಿ ಬೀಳುವುದಿಲ್ಲ, ಫ್ಲಾಂಜಿನ (ಶಾಫ್ಟಿನ ತುದಿಯ ಚಪ್ಪಟೆ ಬಿಲ್ಲೆಯ) ಬೋಲ್ಟ್ ಬಿಚ್ಚಿ ರಸ್ತೆ ಬದಿಯಲ್ಲೇ ಬೇರೆ ಶಾಫ್ಟ್ ಹಾಕಿಕೊಳ್ಳಬಹುದು. ತೂಕಕ್ಕೆ ಸೋಲುವುದು ಹೌಸಿಂಗ್, ಎಳೆತಕ್ಕೆ ಸೋಲುವುದು ಕ್ರೌನ್ ಮತ್ತು ಪಿನಿಯನ್ (ಎಂಜಿನ್ನಿನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ದೊಡ್ಡ ಮತ್ತು ಸಣ್ಣ ಗೇರಿನ ಜೋಡಿ), ಹಠಾತ್ ಏಟಿಗೆ ಸೋಲುವುದು ಶಾಫ್ಟ್ ಮತ್ತು ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು. ಇವು ಬೇರೆ ಬೇರೆ ರೋಗಗಳಾದ್ದರಿಂದ ಒಂದೇ ಮದ್ದು ಎಲ್ಲಕ್ಕೂ ನಾಟುವುದಿಲ್ಲ.

ಬೈಪಾಸ್ ಬದಿಯ ಗ್ಯಾರೇಜಿನಲ್ಲಿ ನಮ್ಮ ಕೆಲಸ ಮಾಡಿದ ಹಿರಿಯ ಮಿಸ್ತ್ರಿ ಮೊದಲ ದಿನ ಹೇಳಿದ್ದೂ ಇದನ್ನೇ. "ಸಾವ್ಕಾರ್ರೆ, ಗಟ್ಟಿ ಆಕ್ಸಲ್ ಬೇಕು ಅಂತ ಕೇಳಬ್ಯಾಡ್ರಿ. ನಿಮ್ದು ಮುರ್ದದ್ದು ಯಾವ್ದು, ಅದನ್ನ ಹೇಳ್ರಿ." "ಚಾಚಾ, ಎಲ್ಲಾ ಒಂದೊಂದ್ ಸಲ ಮುರ್ದಾವ" ಎಂದು ನಾನು ಹೇಳಿದಾಗ ಅವರು ಹಳೆಯ ಹೌಸಿಂಗನ್ನು ಕೆಳಗಿಳಿಸಿಯೇ ಮಾತಾಡೋಣ ಎಂದರು. ಇಳಿಸಿ ಅಳೆದಾಗ ಅದು ನಡುವೆ ಬಾಗಿರುವುದು ಖಚಿತವಾಯಿತು. ಹಿಂದಿನ ಒಳಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತಿದ್ದುದಕ್ಕೂ, ಎಡಗಡೆಯ ಆಯಿಲ್ ಸೀಲ್ ಎಷ್ಟು ಸಲ ಬದಲಿಸಿದರೂ ಮತ್ತೆ ಸೋರುತ್ತಿದ್ದುದಕ್ಕೂ ಕಾರಣ ಅದೇ. ಬಾಗಿದ ಹೌಸಿಂಗಿಗೆ ಹೊಸ ಸೀಲ್ ಹಾಕುತ್ತಾ ಹೋಗುವವರು ನಮ್ಮ ಸೀಮೆಯಲ್ಲಿ ಬಹಳ ಜನ ಇದ್ದಾರೆ. ಒಂದೇ ಬದಿಯಲ್ಲಿ ಸೀಲ್ ಮರಳಿ ಮರಳಿ ಸೋರಿದರೆ ಹೌಸಿಂಗನ್ನು ಅಳತೆಗೆ ಹಾಕುವುದು ಒಳ್ಳೆಯದು.

ಶಾಫ್ಟ್ ಮುರಿದ ಕಥೆ ಬೇರೆ. ಎರೆಭೂಮಿಯ ಹಸಿ ಗದ್ದೆಯಲ್ಲಿ ಭತ್ತ ತುಂಬಿಕೊಂಡು ನಿಂತ ಲಾರಿಯ ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ, ಡಿಫರೆನ್ಷಿಯಲ್ ಸ್ವಭಾವದಂತೆ ಇನ್ನೊಂದು ಚಕ್ರ ನಿಂತೇ ಇರುತ್ತದೆ, ಒಳಗಿನ ಸಣ್ಣ ಗೇರುಗಳು ತಮ್ಮನ್ನು ಹಿಡಿದಿರುವ ಅಡ್ಡಕಡ್ಡಿಯಾದ ಸ್ಪೈಡರ್ ಮೇಲೆ ಅತಿ ವೇಗವಾಗಿ ತಿರುಗಿ ಕಾಯುತ್ತವೆ. ಚಾಲಕ ಆಕ್ಸಿಲರೇಟರ್ ಬಿಡದೆ ಹಿಡಿದಿದ್ದಾಗ ಆ ಚಕ್ರಕ್ಕೆ ಬದುವಿನ ಗಟ್ಟಿ ನೆಲವೋ, ಅಡಿಗೆ ಹಾಕಿದ ಕಲ್ಲೋ ಸಿಕ್ಕಿ ಒಮ್ಮೆಲೇ ಹಿಡಿತ ಬಂದರೆ, ಸುತ್ತುತ್ತಿದ್ದ ಭಾರವೆಲ್ಲ ಒಂದೇ ಏಟಾಗಿ ಶಾಫ್ಟಿನ ಮೇಲೆ ಬೀಳುತ್ತದೆ. ಸಂಡೂರಿನ ಏರಿನಲ್ಲಿ ಅದಿರು ಹೊತ್ತು ನಿಧಾನವಾಗಿ ಹತ್ತುವಾಗ ಕ್ರೌನ್ ಮೇಲೆ ಬೀಳುವ ಭಾರ ಹೆಚ್ಚು ಹೊತ್ತು ಇರುತ್ತದೆ, ಆದರೆ ಅದರಲ್ಲಿ ಏಟಿಲ್ಲ. ಗದ್ದೆಯ ಲಾರಿಗೂ ಗುಡ್ಡದ ಲಾರಿಗೂ ಬೇಕಾದ ಗಟ್ಟಿತನ ಒಂದೇ ಅಲ್ಲ. ನಮ್ಮದು ಎರಡನ್ನೂ ಮಾಡುವ ಲಾರಿಯಾದ್ದರಿಂದ ಆಯ್ಕೆ ಕಷ್ಟವಾಯಿತು.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಹಳೆಯ ಮಾದರಿಯದೇ ಹೊಸ ಹೌಸಿಂಗ್ ತಂದು, ಒಳಗೆ ಹೊಸ ಕ್ರೌನ್ ಪಿನಿಯನ್ ಕೂಡಿಸುವುದು ಎಲ್ಲಕ್ಕಿಂತ ಸರಳವಾಗಿತ್ತು. ಲಾರಿ ಹೆದ್ದಾರಿಯಲ್ಲಷ್ಟೇ ಓಡುವುದಾದರೆ, ತೂಕ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವಷ್ಟೇ ಇರುವುದಾದರೆ, ನಾನು ಇವತ್ತೂ ಇದನ್ನೇ ಮಾಡಿಸಿ ಎನ್ನುತ್ತೇನೆ. ಅಳತೆ ಕೂಡುತ್ತದೋ ಇಲ್ಲವೋ ಎಂಬ ತಲೆನೋವೇ ಅಲ್ಲಿಲ್ಲ.

ಟಿಪ್ಪರ್‌ಗಳಿಂದ ಇಳಿಸಿದ ಹಬ್ ರಿಡಕ್ಷನ್ ಆಕ್ಸಲ್ ಎರಡನೆಯ ದಾರಿ. ಅದರಲ್ಲಿ ವೇಗ ತಗ್ಗಿಸುವ ಕೆಲಸದ ಒಂದು ಭಾಗ ಚಕ್ರದ ಹಬ್ಬಿನೊಳಗಿನ ಗೇರುಗಳಲ್ಲೇ ನಡೆಯುವುದರಿಂದ ಕ್ರೌನ್, ಪಿನಿಯನ್, ಶಾಫ್ಟುಗಳ ಮೇಲೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಗಣಿಯ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಇಲ್ಲಿ ನಿಂತುಹೋದ ಗಾಡಿಗಳ ನೆನಪು ಎಲ್ಲರಿಗೂ ಇದೆ. ಆ ಕಾಲದ ಬಿಡಿಭಾಗಗಳು ಬಹಳ ವರ್ಷ ಗುಜರಿಗಳಲ್ಲಿ ಸಿಗುತ್ತಿದ್ದವು. ಆದರೆ ಈ ಆಕ್ಸಲ್ ತೂಕದ್ದು, ಎರಡೂ ಹಬ್ಬುಗಳಲ್ಲಿ ಬೇರೆಯೇ ಆಯಿಲ್ ನೋಡಿಕೊಳ್ಳಬೇಕು, ಹೆದ್ದಾರಿಯ ಉದ್ದ ಓಟದಲ್ಲಿ ಹಬ್ಬುಗಳು ಹೆಚ್ಚು ಕಾಯುತ್ತವೆ. ಬಳ್ಳಾರಿ, ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಿಲ್ಲಿನಿಂದ ದೂರದ ಊರಿಗೆ ಅಕ್ಕಿ ಒಯ್ಯುವ ಬಾಡಿಗೆ ಬಂದರೆ ಇದು ಒಗ್ಗುವುದಿಲ್ಲ ಎಂದು ಅದನ್ನು ಬಿಟ್ಟೆವು.

ಉಳಿದದ್ದು 25 ಟನ್ ವರ್ಗದ ಲಾರಿಯ ಆಕ್ಸಲ್. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹತ್ತು ಚಕ್ರದ ಲಾರಿಗಳಲ್ಲಿ ಎರಡು ಬಗೆ. ಸರಕಿನ ಲಾರಿಗಳಲ್ಲಿ ಹೆಚ್ಚಿನವು ಒಂದೇ ಆಕ್ಸಲ್ ಎಳೆಯುವಂಥವು, ಅದರ ಹಿಂದಿನದು ಸುಮ್ಮನೆ ತೂಕ ಹೊರುವ ಆಕ್ಸಲ್. ಟಿಪ್ಪರ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಎಳೆಯುತ್ತವೆ. ಅವುಗಳ ಮುಂದಿನ ಆಕ್ಸಲಿನಲ್ಲಿ ಹಿಂದಿನದಕ್ಕೆ ಶಕ್ತಿ ದಾಟಿಸುವ ಹೆಚ್ಚಿನ ಶಾಫ್ಟ್ ಇರುವುದರಿಂದ ಅದು ಆರು ಚಕ್ರದ ಲಾರಿಗೆ ಬರುವುದಿಲ್ಲ. ಗುಜರಿಯಲ್ಲಿ ನೆಲದ ಮೇಲೆ ಬಿದ್ದಿರುವಾಗ ಎರಡೂ ಒಂದೇ ರೀತಿ ಕಾಣುತ್ತವೆ, ಹಿಂಬದಿಯಲ್ಲೂ ಫ್ಲಾಂಜ್ ಇದೆಯೇ ಎಂದು ಬಗ್ಗಿ ನೋಡಬೇಕು.

ಮಾದರಿಯ ಹೆಸರನ್ನು ನಂಬಿ ಕೊಳ್ಳುವುದೂ ಸರಿಯಲ್ಲ. ಟಾಟಾ ಲಾರಿಗಳ ಹೆಸರಿನಲ್ಲಿ ಮೊದಲೆರಡು ಅಂಕಿ ಒಟ್ಟು ತೂಕದ ಟನ್ನುಗಳನ್ನೂ ಮುಂದಿನೆರಡು ಅಂಕಿ ಎಂಜಿನ್ನಿನ ಅಶ್ವಶಕ್ತಿಯನ್ನು ಹತ್ತರ ಲೆಕ್ಕದಲ್ಲೂ ಹೇಳುತ್ತವೆ. 1613 ಎಂದರೆ 16 ಟನ್, 130 ಅಶ್ವಶಕ್ತಿ. ಆ ಸಂಖ್ಯೆಯಲ್ಲಿ ಆಕ್ಸಲ್ ಯಾವುದೆಂಬ ಮಾತೇ ಇಲ್ಲ. ಟಾಟಾದ ವಿವರಪಟ್ಟಿಗಳಲ್ಲಿ ಆರ್‌ಎ 109, ಆರ್‌ಎ 110 ಎಂದು ಆಕ್ಸಲಿನ ಸಂಕೇತವನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೇ ಕೇಳಿ ಹೌಸಿಂಗಿನ ಮೇಲಿನ ಗುರುತಿನೊಂದಿಗೆ ಹೋಲಿಸಬೇಕು. ಅಶೋಕ್ ಲೇಲ್ಯಾಂಡ್ ಲಾರಿ ಇರುವವರಿಗೆ ಇನ್ನೊಂದು ಅನುಕೂಲವಿದೆ: 1981ರಲ್ಲಿ ಆರಂಭವಾದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ನಮ್ಮ ಮೈಸೂರಿನ ಹೂಟಗಳ್ಳಿಯಲ್ಲೇ ಇದ್ದು, ಆ ಕಂಪನಿಯ ಲಾರಿಗಳಿಗೆ ಹಿಂದಿನ ಆಕ್ಸಲ್ ಪೂರೈಸುತ್ತಾ ಬಂದಿದೆ.

ಗುಜರಿಯಲ್ಲಿ ನಮಗೆ ಮೊದಲು ತೋರಿಸಿದ ಹೌಸಿಂಗ್ ಹೊಸದಾಗಿ ಕಪ್ಪು ಬಣ್ಣ ಬಳಿದು ಫಳಫಳ ಹೊಳೆಯುತ್ತಿತ್ತು. ಮಿಸ್ತ್ರಿ ಅದರ ಕಮಾನು ಕೂರುವ ಜಾಗದ ಸುತ್ತಲಿನ ಬಣ್ಣವನ್ನು ತಂತಿ ಬ್ರಷ್‌ನಿಂದ ಕೆರೆದು, ಬಟ್ಟೆಯಿಂದ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಗಿಸಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿದರು. ನೋಡನೋಡುತ್ತಿದ್ದಂತೆ ಬಿಳಿ ಪುಡಿಯ ನಡುವೆ ಕೂದಲೆಳೆಯಂಥ ಒದ್ದೆ ಗೆರೆಯೊಂದು ವೆಲ್ಡಿಂಗ್ ಅಂಚಿನುದ್ದಕ್ಕೂ ಮೂಡಿತು. ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಗೆ ಹೀರಿಕೊಂಡು ಹೊರಬಂದಿತ್ತು. ಬಿರುಕನ್ನು ಮೊದಲೇ ಒಮ್ಮೆ ವೆಲ್ಡ್ ಮಾಡಿ, ಉಜ್ಜಿ, ಬಣ್ಣ ಹಚ್ಚಿ "ಒಂದು ಡೆಂಟೂ ಇಲ್ಲದ ಮಾಲು" ಎಂದು ಮಾರಲು ಹೊರಟ ವ್ಯಾಪಾರಿಯ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಗದ್ದೆಯಲ್ಲಿ ಭತ್ತದ ಚೀಲಗಳ ಮೇಲೆ ಹಮಾಲರು ಕೂತು ಬರುವ ಲಾರಿಗೆ ಅಂಥ ಹೌಸಿಂಗ್ ಕೊಡುವುದು ಸಣ್ಣ ವಿಷಯವಲ್ಲ. ಬಣ್ಣ ಬಳಿಯದ, ಎಣ್ಣೆ ಮಣ್ಣು ಮೆತ್ತಿದ ಆಕ್ಸಲನ್ನೇ ಬೇರೆ ಕಡೆ ಹುಡುಕಿ, ಅದೇ ಪರೀಕ್ಷೆ ಮಾಡಿಸಿ ತಂದೆವು.

ಇನ್ನು ರೇಷಿಯೋ. ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದು, ಗುಜರಿಯಲ್ಲಿ ಯಾರೂ ಮಾತಾಡದೆ ದಾಟಿಸಿಬಿಡುವುದೂ ಇದನ್ನೇ. ಕ್ರೌನಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ರೇಷಿಯೋ. ನಮ್ಮ ಲಾರಿಯಲ್ಲಿದ್ದದ್ದು 41/6, ಅಂದರೆ 6.83. ತಂದ ಆಕ್ಸಲಿನಲ್ಲಿದ್ದದ್ದು 41/7, ಅಂದರೆ 5.857. ಲೆಕ್ಕಕ್ಕಾಗಿ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 400 ನ್ಯೂಟನ್ ಮೀಟರ್, ಮೊದಲ ಗೇರಿನ ರೇಷಿಯೋ 7 ಎಂದು ಇಟ್ಟುಕೊಳ್ಳೋಣ. ಪಿನಿಯನ್ನಿಗೆ ಬರುವುದು 2,800. ಅದು 6.83ರಲ್ಲಿ ಚಕ್ರಗಳಿಗೆ ಸುಮಾರು 19,100 ಆಗಿ ತಲುಪಿದರೆ, 5.857ರಲ್ಲಿ ಸುಮಾರು 16,400 ಮಾತ್ರ. ಎಳೆತದಲ್ಲಿ ಏಳನೇ ಒಂದು ಭಾಗ ಹೋಯಿತು. 130 ಅಶ್ವಶಕ್ತಿಯ ಹಳೆಯ ಎಂಜಿನ್ ಗದ್ದೆಯಿಂದ ತುಂಬಿದ ಲಾರಿ ಹೊರಡಿಸುವಾಗ ಆ ಒಂದು ಭಾಗವನ್ನು ಚಾಲಕ ಕ್ಲಚ್ ಸವೆಸಿ ತುಂಬಿಸಿಕೊಳ್ಳುತ್ತಾನೆ. ಆಕ್ಸಲ್ ಗಟ್ಟಿಯಾಗಿ ಕ್ಲಚ್ ಪ್ಲೇಟ್ ಸುಡುತ್ತದೆ.

ಹೆದ್ದಾರಿಯಲ್ಲಿ ಲೆಕ್ಕ ತಿರುಗುಮುರುಗು. 10.00-20 ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಸಾಗುತ್ತದೆ. ನೇರ ಟಾಪ್ ಗೇರಿನಲ್ಲಿ ಎಂಜಿನ್ 2,000 ಸುತ್ತು ತಿರುಗುವಾಗ 6.83ರ ಲಾರಿ ಗಂಟೆಗೆ ಸುಮಾರು 56 ಕಿಲೋಮೀಟರ್, 5.857ರ ಲಾರಿ ಸುಮಾರು 66 ಕಿಲೋಮೀಟರ್ ಓಡುತ್ತದೆ. ಹೊಸಪೇಟೆ ರಸ್ತೆಯಲ್ಲಿ, ಸಿಂಧನೂರಿನ ಕಡೆಗೆ ಹೋಗುವ ಸಿರುಗುಪ್ಪ ರಸ್ತೆಯಲ್ಲಿ ಖಾಲಿ ಓಡುವಾಗ ಡೀಸೆಲ್ ಉಳಿಯುವುದು ಎರಡನೆಯದರಲ್ಲಿ. ಸ್ಪೀಡೋಮೀಟರಿಗೆ ತಿರುವು ಸಿಗುವುದು ಗೇರ್‌ಬಾಕ್ಸಿನಿಂದ. ಹೀಗಾಗಿ ರೇಷಿಯೋ ಬದಲಾದರೆ ಅದು ತೋರಿಸುವ ವೇಗವೂ ತಪ್ಪುತ್ತದೆ. ನಮಗೆ ಎಳೆತವೇ ಮುಖ್ಯವಾಗಿದ್ದರಿಂದ ಕ್ರೌನ್ ಪಿನಿಯನ್ ಬಿಟ್ಟು ಉಳಿದದ್ದನ್ನೆಲ್ಲ ಉಳಿಸಿಕೊಂಡು, ಅದೇ ಆಕ್ಸಲಿಗೆ ಹೊಂದುವ 41/6ರ ಹೊಸ ಜೋಡಿ ತರಿಸಿ ಹಾಕಿಸಿದೆವು. ಆರು ಹಲ್ಲಿನ ಪಿನಿಯನ್ ಏಳು ಹಲ್ಲಿನದಕ್ಕಿಂತ ಸಣ್ಣದಾದ್ದರಿಂದ ಒಂದೇ ಗಾತ್ರದ ಕ್ರೌನಿನಲ್ಲಿ ಅದು ಕೊಂಚ ದುರ್ಬಲವೇ ಸರಿ, ಆದರೆ ಈ ಕ್ರೌನ್ ನಮ್ಮ ಹಳೆಯದಕ್ಕಿಂತ ದೊಡ್ಡದು, ಒಟ್ಟಿನಲ್ಲಿ ಲಾಭವೇ.

ಆಕ್ಸಲ್ ಬಿಚ್ಚದೆ ರೇಷಿಯೋ ತಿಳಿಯುವ ದಾರಿಯೂ ಇದೆ. ಒಂದು ಬದಿಯ ಹಬ್ಬನ್ನು ಕದಲದಂತೆ ಹಿಡಿಸಿ, ಗೇರ್‌ಬಾಕ್ಸಿನಿಂದ ಬರುವ ಜಾಯಿಂಟ್ ಪೈಪ್ ಕೂಡುವ ಫ್ಲಾಂಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಇನ್ನೊಂದು ಹಬ್ಬನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಫ್ಲಾಂಜ್ ಏಳಕ್ಕೆ ಸ್ವಲ್ಪ ಕಡಿಮೆ ತಿರುಗಿದರೆ 41/6, ಆರಕ್ಕೆ ಸ್ವಲ್ಪ ಕಡಿಮೆ ತಿರುಗಿದರೆ 41/7. ವ್ಯಾಪಾರಿಯ ಬಾಯಿಮಾತಿಗಿಂತ ಇದು ಮೇಲು.

ಕೂಡಿಸುವ ಕೆಲಸದಲ್ಲಿ ಗ್ಯಾರೇಜಿಗೆ ಪೂರ್ಣ ಅಂಕ ಕೊಡುತ್ತೇನೆ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿಸಿ ಜೊತೆ ಮಾಡಿದ ಜೋಡಿ. ಎರಡರ ಮೇಲೂ ಒಂದೇ ಸಂಖ್ಯೆ ಕೊರೆದಿರುತ್ತಾರೆ. ಆ ಸಂಖ್ಯೆ ನನಗೆ ತೋರಿಸಿಯೇ ಪೊಟ್ಟಣ ಬಿಚ್ಚಿದರು. ಪಿನಿಯನ್ ಬೇರಿಂಗಿನ ಬಿಗಿ ನೋಡಿ, ಡಯಲ್ ಗೇಜ್ (ಅತಿ ಸಣ್ಣ ಅಂತರ ಅಳೆಯುವ ಮಾಪಕ) ಇಟ್ಟು ಹಲ್ಲುಗಳ ನಡುವಿನ ಆಟ ಅಳೆದರು. ಇಷ್ಟು ದೊಡ್ಡ ಗೇರುಗಳಲ್ಲಿ ಅದು ಕಾಲು ಮಿಲಿಮೀಟರಿನ ಆಸುಪಾಸು ಇರಬೇಕು. ಆಮೇಲೆ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣವನ್ನು ಕ್ರೌನಿನ ಕೆಲವು ಹಲ್ಲುಗಳಿಗೆ ತೆಳ್ಳಗೆ ಹಚ್ಚಿ, ಕ್ರೌನನ್ನು ಮರದ ತುಂಡಿನಿಂದ ತಡೆಹಿಡಿದು ಪಿನಿಯನ್ ತಿರುಗಿಸಿದರು. ಮೊದಲ ಸಲ ಬಣ್ಣ ಅಳಿಸಿಹೋದ ಗುರುತು ಹಲ್ಲಿನ ತುದಿಗೆ ಹತ್ತಿರ ಬಿತ್ತು. ಪಿನಿಯನ್ ಹಿಂದಿನ ಶಿಮ್ (ತೆಳು ತಗಡಿನ ಬಿಲ್ಲೆ) ಬದಲಿಸಿ ಮತ್ತೆ ಕೂಡಿಸಿ, ಗುರುತು ಹಲ್ಲಿನ ನಡುಮಧ್ಯಕ್ಕೆ ಬರುವವರೆಗೂ ಬಿಚ್ಚುವುದು ಹಾಕುವುದು ನಡೆಯಿತು. ಇಷ್ಟು ತಾಳ್ಮೆ ಇಲ್ಲದ ಕಡೆ ಹೊಸ ಜೋಡಿಯೂ ಸದ್ದು ಮಾಡತೊಡಗಿ ಬೇಗ ಹಾಳಾಗುತ್ತದೆ. ಗ್ಯಾರೇಜ್ ಆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅವರಲ್ಲಿ ಡಯಲ್ ಗೇಜ್ ಇದೆಯೇ ಎಂಬುದು. ಕೈಯಿಂದಲೇ ಆಟ ಗೊತ್ತಾಗುತ್ತದೆ ಎನ್ನುವವರಲ್ಲಿ ನಾನು ಲಾರಿ ಬಿಡುವುದಿಲ್ಲ.

ಹೊರಗಿನ ಅಳತೆಗಳಲ್ಲಿ ಎಲ್ಲವೂ ಸಲೀಸಾಗಿ ಕೂಡಲಿಲ್ಲ. ಕಮಾನು ಕೂರುವ ಪ್ಯಾಡುಗಳ ನಡುವಿನ ಅಂತರ, ಪ್ಯಾಡಿನ ಅಗಲ, ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತ, ಡ್ರಮ್ಮಿನ ಗಾತ್ರ, ಎರಡು ಹಬ್ಬುಗಳ ನಡುವಿನ ಒಟ್ಟು ಅಗಲ ಇವೆಲ್ಲವನ್ನೂ ಕೊಳ್ಳುವ ಮುನ್ನವೇ ಟೇಪ್ ಹಿಡಿದು ಬರೆದುಕೊಂಡಿದ್ದೆವು. ಹೌಸಿಂಗ್ ದಪ್ಪವಾದ್ದರಿಂದ ಉದ್ದನೆಯ ಯು ಬೋಲ್ಟುಗಳು ಬೇಕಾದವು. ಪಿನಿಯನ್ ಮೂತಿ ಮುಂದೆ ಚಾಚಿದ್ದರಿಂದ ಜಾಯಿಂಟ್ ಪೈಪನ್ನು ಲೇತಿನಲ್ಲಿ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಬ್ಯಾಲೆನ್ಸ್ ಮಾಡಿಸದೆ ಹಾಕಿದರೆ ಆ ಪೈಪಿನ ಸೆಂಟರ್ ಬೇರಿಂಗೂ ತುದಿಯ ಕ್ರಾಸೂ ಉಳಿಯುವುದಿಲ್ಲ. ಬ್ರೇಕುಗಳನ್ನು ಆಕ್ಸಲ್ ಜೊತೆ ಬಂದ ಡ್ರಮ್, ಶೂ, ಚೇಂಬರುಗಳ ಸಮೇತ ಇಟ್ಟುಕೊಂಡು, ಹೊಸ ಲೈನರ್ ಹಾಕಿಸಿ, ಎರಡೂ ಬದಿಯ ಅಡ್ಜಸ್ಟರ್ ಸಮ ಮಾಡಿಸಿದೆವು. ಹಿಂದಿನ ಬ್ರೇಕ್ ಬಲವಾದಾಗ ಖಾಲಿ ಲಾರಿ ಮಳೆಯಲ್ಲಿ ಹಿಂದೆ ಜಾರುವ ಭಯವಿದೆ. ಮೊದಲು ಖಾಲಿ ಮೈದಾನದಲ್ಲಿ ನಿಲ್ಲಿಸಿ ನೋಡಿಯೇ ರಸ್ತೆಗೆ ಇಳಿಸಿದ್ದು.

ಕಾನೂನಿನ ಮಾತು ಬಿಟ್ಟರೆ ಈ ವಿಮರ್ಶೆ ಅಪಾಯಕಾರಿಯಾಗುತ್ತದೆ. ಗಟ್ಟಿ ಆಕ್ಸಲ್ ಹಾಕಿಸಿದ್ದರಿಂದ ಹೆಚ್ಚು ತೂಕ ಹೊರುವ ಹಕ್ಕು ಬರುವುದಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2ರಿಂದ 18.5 ಟನ್‌ಗೆ ಏರಿಸಿತಾದರೂ, ನಿಮ್ಮ ಲಾರಿಗೆ ಅನ್ವಯಿಸುವುದು ಆರ್‌ಸಿಯಲ್ಲಿ ಬರೆದಿರುವ ತೂಕವೇ. ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ಅದೇ ಕಾಯ್ದೆಯ 52ನೇ ಕಲಂ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಮಾರ್ಪಾಡನ್ನು ತಡೆಯುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮೆಯವರಿಗೂ ತಿಳಿಸಬೇಕು. 8 ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಲೇಬೇಕಲ್ಲ, ಆಗ ಬಿಲ್ಲು ಪತ್ರ ಕೈಯಲ್ಲಿರುವುದು ಲೇಸು. ಚಾಸಿ, ಕಮಾನು, ಟೈರು, ಮುಂದಿನ ಬ್ರೇಕು ಎಲ್ಲವೂ ಹಳೆಯವೇ ಇರುವಾಗ ಆಕ್ಸಲ್ ಒಂದನ್ನು ನಂಬಿ ತೂಕ ಏರಿಸಿದರೆ ಮುಂದಿನ ಬಿರುಕು ಚಾಸಿಯಲ್ಲಿ ಕಾಣಿಸುತ್ತದೆ. ನಾವು ಇದನ್ನು ಮಾಡಿಸಿದ್ದು ಅದೇ ತೂಕವನ್ನು ಕೆಟ್ಟ ನೆಲದಲ್ಲಿ ನೆಮ್ಮದಿಯಿಂದ ಹೊರಲೆಂದು.

ಫಲಿತಾಂಶ ಚೆನ್ನಾಗಿದೆ. ಒಳಟೈರುಗಳ ಓರೆ ಸವೆತ ನಿಂತಿದೆ, ಎಡಗಡೆಯ ಸೀಲ್ ಒಣಗಿಯೇ ಇದೆ, ಸುಗ್ಗಿ ಮುಗಿಯುವವರೆಗೂ ಶಾಫ್ಟ್ ಮುರಿಯಲಿಲ್ಲ. ಏರಿನಲ್ಲಿ ಇಳಿಜಾರಿನಲ್ಲಿ ಗೇರಿನ ಕೂಗು ಇಲ್ಲ. ಕೊರತೆಗಳೂ ಇವೆ: ಆಕ್ಸಲ್ ಹಳೆಯದಕ್ಕಿಂತ ತೂಕದ್ದು, ಅಷ್ಟು ಸರಕು ಕಡಿಮೆ ಹೊರಬೇಕು, ಖಾಲಿ ಇದ್ದಾಗ ಗುಂಡಿ ರಸ್ತೆಯಲ್ಲಿ ಹಿಂಭಾಗ ಮೊದಲಿಗಿಂತ ಹೆಚ್ಚು ಕುಣಿಯುತ್ತದೆ. ಖರ್ಚು ಎಲ್ಲ ಸೇರಿ ಹೊಸ ಪೂರ್ಣ ಅಸೆಂಬ್ಲಿಗಿಂತ ಕಡಿಮೆಯೇ ಆಯಿತು, ಆದರೆ ಹಳೆಯ ಮಾದರಿಯನ್ನೇ ಸರಿಪಡಿಸುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಲಾರಿ ಹೊರಡಿಸುವವರಿಗೆ ಈ ಖರ್ಚು ಗಿಟ್ಟುವುದಿಲ್ಲ.

ಕೂಡಿಸಿದ ಮೇಲಿನ ಆರೈಕೆಯಲ್ಲಿ ಎರಡು ಸಂಗತಿಗಳನ್ನು ತಪ್ಪಿಸಬಾರದು. ಕ್ರೌನ್ ಪಿನಿಯನ್ ಹೈಪಾಯ್ಡ್ ಬಗೆಯದು, ಅಂದರೆ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಕೂಡುವಂಥದ್ದು, ಆದ್ದರಿಂದ ಜಿಎಲ್-5 ದರ್ಜೆಯ ಗೇರ್ ಆಯಿಲನ್ನೇ ಹಾಕಬೇಕು; ನಮ್ಮ ಬಿಸಿಲಿಗೆ ಮಿಸ್ತ್ರಿ 85ಡಬ್ಲ್ಯೂ-140 ಹಾಕಿದರು. ಹೊಸ ಜೋಡಿಯ ಮೊದಲ ಆಯಿಲನ್ನು ಬೇಗನೆ ಇಳಿಸಬೇಕು, ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಪುಡಿ ಅಂಟಿದ್ದರೆ ಚಿಂತೆಯಿಲ್ಲ, ಚೂರು ಸಿಕ್ಕರೆ ಲಾರಿ ನಿಲ್ಲಿಸಬೇಕು. ಇನ್ನೊಂದು, ಹೌಸಿಂಗಿನ ಮೇಲಿರುವ ಸಣ್ಣ ಬ್ರೀದರ್. ಗದ್ದೆಯ ಕೆಸರು ಅದರ ಬಾಯಿ ಮುಚ್ಚಿದರೆ ಒಳಗೆ ಕಾದ ಗಾಳಿಗೆ ದಾರಿಯಿಲ್ಲದೆ, ಅದು ಒತ್ತಿದ ಆಯಿಲ್ ಸೀಲುಗಳ ಮೂಲಕ ನುಗ್ಗಿ ಬ್ರೇಕ್ ಲೈನರಿಗೆ ತಾಗುತ್ತದೆ. ನಮ್ಮ ಲಾರಿಯಲ್ಲಿ ಬ್ರೀದರಿಗೆ ರಬ್ಬರ್ ಪೈಪ್ ಕೂಡಿಸಿ, ಅದರ ತುದಿಯನ್ನು ಬಾಡಿಯ ಅಡಿಯಲ್ಲಿ ಕೆಸರು ಮುಟ್ಟದ ಎತ್ತರಕ್ಕೆ ಬಾಗಿಸಿ ಕಟ್ಟಿಸಿದ್ದೇವೆ.